ಗಡಿಪಾರಾದ ಮಾತು ನಗುತ್ತ ಮರಳಿದ ಬಗೆ

ಕಳೆದ ಸಂಚಿಕೆಯಲ್ಲಿ ನಾವು ಗ್ರಂಥದ ಭಾಷೆ ಹಾಗೂ ಮನೆಯ ಮಾತುಗಳ ನಡುವಣ ಅಂತರವನ್ನು ಕುರಿತು ಒಂದೆರಡು ವಿಚಾರಗಳನ್ನು ನಿವೇದಿಸಿದ್ದೆವು. ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ನುಡಿಯಲು ಮಡಿವಾಳರ, ಅಂಬಿಗರ, ಮಾದಾರರ ಬಾಯಿಯ ಕನ್ನಡವನ್ನೇ ಆರಿಸಿಕೊಂಡರೆಂಬುದು ನಮ್ಮ ಓದುಗ ಬಂಧುಗಳಿಗೆ ಹೊಸದಲ್ಲ. ಯಾರ ಮಾತು ಶುದ್ಧ, ಯಾರ ಮಾತು ಒರಟು, ಅದನ್ನು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಈ ಸಲ ಅದೇ ಪ್ರಶ್ನೆಯನ್ನು ಕಡಲಾಚೆಯ ಎರಡು ದೇಶಗಳ ನಡುವೆ ಇಟ್ಟು ನೋಡಬೇಕೆನಿಸಿದೆ. ಒಂದು ಇಂಗ್ಲೆಂಡು, ಇನ್ನೊಂದು ಆಸ್ಟ್ರೇಲಿಯಾ. ವಿಷಯ ಹಾಸ್ಯ ಮತ್ತು ಬೀದಿಮಾತು. ಹಾಸ್ಯವೆಂದ ಮಾತ್ರಕ್ಕೆ ಹಗುರವಾಗಿ ಕಾಣತಕ್ಕದ್ದಲ್ಲವೆಂಬುದು ಮುಂದೆ ತಿಳಿಯುವುದು.

1788ರ ಜನವರಿಯಲ್ಲಿ ಹನ್ನೊಂದು ಹಡಗುಗಳು ಇಂಗ್ಲೆಂಡಿನ ಕೈದಿಗಳನ್ನೂ ಅವರ ಕಾವಲಿನವರನ್ನೂ ಹೊತ್ತು ಆಸ್ಟ್ರೇಲಿಯಾದ ಪೂರ್ವ ಕರಾವಳಿಯನ್ನು ಮುಟ್ಟಿದವು. ಅಲ್ಲಿಂದ 1868ರವರೆಗೆ 1,60,000ಕ್ಕೂ ಹೆಚ್ಚು ಮಂದಿಯನ್ನು ಬ್ರಿಟನ್ ಮತ್ತು ಐರ್ಲೆಂಡುಗಳಿಂದ ಅತ್ತ ಸಾಗಹಾಕಲಾಯಿತು. ಇವರಲ್ಲಿ ಬಹುಪಾಲು ಜನ ಸಣ್ಣಪುಟ್ಟ ಕಳವು ಮಾಡಿ ಸಿಕ್ಕಿಬಿದ್ದವರು. ಮನುಷ್ಯರೊಡನೆ ಅವರ ಮಾತೂ ಗಡಿಪಾರಾಯಿತು. ಲಂಡನ್ನಿನ ಬಡ ಕೇರಿಗಳಲ್ಲಿ ಕಳ್ಳರು ತಮ್ಮತಮ್ಮೊಳಗೆ ಆಡಿಕೊಳ್ಳುತ್ತಿದ್ದ ‘ಫ್ಲ್ಯಾಶ್’ ಎಂಬ ಗುಪ್ತನುಡಿಯೊಂದಿತ್ತು. ಮೊದಲ ದಂಡಿನೊಡನೆ ಹೋಗಿದ್ದ ವಾಟ್ಕಿನ್ ಟೆಂಚ್ ಎಂಬ ಸೈನ್ಯಾಧಿಕಾರಿ 1793ರಲ್ಲಿ ಅಚ್ಚಾದ ತನ್ನ ವೃತ್ತಾಂತದಲ್ಲಿ, ಅಲ್ಲಿಯ ನ್ಯಾಯಾಲಯದಲ್ಲಿ ಸಾಕ್ಷಿಗಳ ಮಾತನ್ನು ಬಿಡಿಸಿ ಹೇಳಲು ಎಷ್ಟೋ ಸಲ ದುಭಾಷಿಯ ಅಗತ್ಯ ಬೀಳುತ್ತಿತ್ತೆಂದು ಬರೆದಿದ್ದಾನೆ. ಆಡಿದವನೂ ಇಂಗ್ಲಿಷಿನವನೇ, ಕೇಳಿದವನೂ ಇಂಗ್ಲಿಷಿನವನೇ, ನಡುವೆ ದುಭಾಷಿ!

ಆ ನುಡಿಗೆ ಕೋಶವನ್ನು ರಚಿಸಿದವನೂ ಒಬ್ಬ ಕೈದಿ. ಜೇಮ್ಸ್ ಹಾರ್ಡಿ ವಾಕ್ಸ್ ಎಂಬ ಈ ಮನುಷ್ಯ ಮೂರು ಬಾರಿ ಗಡಿಪಾರಿನ ಶಿಕ್ಷೆ ಅನುಭವಿಸಿದವನು. 1812ರಲ್ಲಿ, ಸಿಡ್ನಿಯ ಉತ್ತರಕ್ಕಿರುವ ನ್ಯೂಕಾಸಲ್ ಎಂಬ ಊರಿನ ಸೆರೆಯಲ್ಲಿದ್ದಾಗ, ಈ ಕಳ್ಳಮಾತುಗಳಿಗೆ ಅರ್ಥ ಬರೆದು ಅಲ್ಲಿಯ ಅಧಿಕಾರಿಗೆ ಅರ್ಪಿಸಿದ. 1819ರಲ್ಲಿ ಅದು ಅಚ್ಚಾಯಿತು. ಆಸ್ಟ್ರೇಲಿಯಾದ ನೆಲದಲ್ಲಿ ಸಿದ್ಧವಾದ ಮೊದಲ ನಿಘಂಟೆಂದು ವಿದ್ವಾಂಸರು ಇದನ್ನು ಎಣಿಸುತ್ತಾರೆ. ಅದರಲ್ಲಿ ‘ಸ್ವ್ಯಾಗ್’ ಎಂದರೆ ಗಂಟು, ಮುಖ್ಯವಾಗಿ ಕದ್ದ ಮಾಲಿನ ಗಂಟು. ಮುಂದೆ ಕೆಲವೇ ದಶಕಗಳಲ್ಲಿ ಅದೇ ಶಬ್ದವು ಕೂಲಿ ಹುಡುಕಿಕೊಂಡು ಊರಿಂದೂರಿಗೆ ನಡೆಯುವ ಬಡವನು ಹೆಗಲ ಮೇಲೆ ಹೊತ್ತ ಹಾಸಿಗೆ ಬಟ್ಟೆಯ ಗಂಟಾಯಿತು. ಕಳ್ಳನ ಗಂಟು ಕಾಯಕದವನ ಗಂಟಾದದ್ದು ನಮಗಂತೂ ಬಹಳ ಹಿಡಿಸಿತು.

ಇಂಥದೇ ಇನ್ನೊಂದು ಶಬ್ದವಿದೆ. ಆಸ್ಟ್ರೇಲಿಯಾದವರು ಒಂದು ಮಾತು ಅಪ್ಪಟ ನಿಜವೆಂದು ಹೇಳಬೇಕಾದಾಗ ‘ಫೇರ್ ಡಿಂಕಮ್’ ಎನ್ನುತ್ತಾರೆ. ಚೀನೀಯರ ಮಾತಿನಲ್ಲಿ ಅಪರಂಜಿ ಎಂಬರ್ಥದ ಪದದಿಂದ ಇದು ಬಂದಿತೆಂದು ಅಲ್ಲಿ ಜನ ಹೇಳಿಕೊಳ್ಳುವುದುಂಟು, ಭಾಷಾಪಂಡಿತರು ಒಪ್ಪುವುದಿಲ್ಲ. ಇಂಗ್ಲೆಂಡಿನ ಲಿಂಕನ್‌ಷೈರ್, ಡರ್ಬಿಷೈರ್ ಸೀಮೆಗಳ ಹಳ್ಳಿಮಾತಿನಲ್ಲಿ ‘ಡಿಂಕಮ್’ ಎಂದರೆ ದುಡಿಮೆ, ತನ್ನ ಪಾಲಿಗೆ ಬಂದ ಕೆಲಸ. ನ್ಯಾಯವಾದ ದುಡಿಮೆ ಎಂಬುದೇ ಸತ್ಯ ಎಂಬ ಅರ್ಥಕ್ಕೆ ತಿರುಗಿತು. ಬ್ರಿಸ್ಬೇನ್ ಪರಿಸರದ ಮೂಲನಿವಾಸಿಗಳ ಭಾಷೆಯಿಂದ ಬಂದ ‘ಯಕ್ಕ’ ಎಂಬ ಪದಕ್ಕೂ ಕಷ್ಟದ ದುಡಿಮೆ ಎಂದೇ ಅರ್ಥ. ಕಾಯಕಕ್ಕೂ ಯಕ್ಕಕ್ಕೂ ಯಾವ ಬಾಂಧವ್ಯವೂ ಇಲ್ಲ, ಕಿವಿಗೆ ಕೇಳುವ ಹೋಲಿಕೆಯಿಂದ ವ್ಯುತ್ಪತ್ತಿ ಕಟ್ಟುವ ಚಪಲಕ್ಕೆ ಯಾರೂ ಬೀಳಬಾರದು. ಆದರೂ ಆ ಪದ ಕಣ್ಣಿಗೆ ಬಿದ್ದ ದಿನ ನಮಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಹೀಗೆ ಇಂಗ್ಲೆಂಡು ಹೊರಹಾಕಿದ ಮಾತು ಆಸ್ಟ್ರೇಲಿಯಾದಲ್ಲಿ ಬೇರು ಬಿಟ್ಟಿತು. ಆದರೆ ಅದನ್ನು ಆಡುವವರಿಗೇ ಅದರ ವಿಷಯದಲ್ಲಿ ನಾಚಿಕೆಯಿತ್ತು. ಅಲ್ಲಿಯ ಸರ್ಕಾರಿ ಆಕಾಶವಾಣಿಯಲ್ಲಿ ವಾರ್ತೆ ಓದುವವರು ದಶಕಗಳ ಕಾಲ ಲಂಡನ್ನಿನ ಬಿ.ಬಿ.ಸಿ.ಯ ಉಚ್ಚಾರವನ್ನೇ ಅನುಕರಿಸುತ್ತಿದ್ದರು. 1950ರಲ್ಲಿ ಎ. ಎ. ಫಿಲಿಪ್ಸ್ ಎಂಬ ಮೆಲ್ಬರ್ನಿನ ಶಿಕ್ಷಕರು ಒಂದು ಸಣ್ಣ ಪ್ರಬಂಧ ಬರೆದು ಈ ರೋಗಕ್ಕೆ ಹೆಸರಿಟ್ಟರು: ಸಂಸ್ಕೃತಿಯ ಕುಗ್ಗು. ಆಸ್ಟ್ರೇಲಿಯಾದವನು ತನ್ನದೇ ನಾಟಕ ನೋಡುವಾಗ, ತನ್ನದೇ ಪುಸ್ತಕ ಓದುವಾಗ ಕೂಡ, ಪಕ್ಕದಲ್ಲಿ ಸುಸಂಸ್ಕೃತನಾದ ಒಬ್ಬ ಆಂಗ್ಲನು ಕುಳಿತಿದ್ದಾನೆ, ಅವನು ಏನೆಂದುಕೊಳ್ಳುವನೋ ಎಂದು ಅಂಜುತ್ತಾನೆ ಎಂಬುದು ಅವರ ನಿದಾನ. ಈ ಅಂಜಿಕೆಯ ಪರಿಚಯ ನಮ್ಮ ಕಡೆಯ ಹಳ್ಳಿಯಿಂದ ಪಟ್ಟಣದ ಕಾಲೇಜಿಗೆ ಹೋದ ಯಾವ ವಿದ್ಯಾರ್ಥಿಗಿಲ್ಲ?

ಈ ಕುಗ್ಗನ್ನೇ ಬಂಡವಾಳ ಮಾಡಿಕೊಂಡು ಲಂಡನ್ನನ್ನು ಗೆದ್ದವರು ಬ್ಯಾರಿ ಹಂಫ್ರೀಸ್. 1934ರಲ್ಲಿ ಮೆಲ್ಬರ್ನಿನಲ್ಲಿ ಅನುಕೂಲಸ್ಥರ ಮನೆಯಲ್ಲಿ ಜನಿಸಿದವರು. 1955ರಲ್ಲಿ ಒಂದು ನಾಟಕ ತಂಡದೊಡನೆ ವಿಕ್ಟೋರಿಯಾ ಪ್ರಾಂತದ ಸಣ್ಣ ಊರುಗಳನ್ನು ಸುತ್ತುತ್ತಿದ್ದರು. ಪ್ರತಿ ಊರಿನಲ್ಲೂ ಆಟ ಮುಗಿದ ಮೇಲೆ ಊರಿನ ಗೃಹಿಣಿಯರು ನಟರಿಗೆ ಉಪಚಾರ ಮಾಡುವರು. ಅವರಲ್ಲೊಬ್ಬರು ಎದ್ದು ವಂದನಾರ್ಪಣೆಯ ಭಾಷಣ ಮಾಡುವರು. ಮರಳುವ ದಾರಿಯಲ್ಲಿ, ಬಸ್ಸಿನ ಹಿಂದಿನ ಆಸನದಲ್ಲಿ ಕುಳಿತು ಹಂಫ್ರೀಸ್ ಆ ತಾಯಂದಿರ ಭಾಷಣವನ್ನು ಹಾಗೆಹಾಗೆಯೇ ಅನುಕರಿಸಿ ಗೆಳೆಯರನ್ನು ನಗಿಸುತ್ತಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಅದು ರಂಗಕ್ಕೇರಿತು. ಮೂನಿ ಪಾಂಡ್ಸ್ ಎಂಬ ಬಡಾವಣೆಯ ಎಡ್ನಾ ಎವರೇಜ್ ಎಂಬ ಗೃಹಿಣಿ, ಮರುವರ್ಷ ಮೆಲ್ಬರ್ನಿನಲ್ಲಿ ನಡೆಯಲಿದ್ದ ಒಲಿಂಪಿಕ್ ಕ್ರೀಡೆಗೆ ಬರುವ ಅತಿಥಿಗಳಿಗೆ ತನ್ನ ಮನೆಯಲ್ಲೊಂದು ಕೋಣೆ ಬಿಟ್ಟುಕೊಡಲು ಮುಂದಾಗುತ್ತಾಳೆ. ತನ್ನ ಮನೆಯ ಒಂದೊಂದು ವಸ್ತುವನ್ನೂ ಹೆಮ್ಮೆಯಿಂದ ಬಣ್ಣಿಸುತ್ತಾಳೆ. ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡುವ ಗಂಡಸರನ್ನು ನಮ್ಮ ಕಂಪನಿ ನಾಟಕಗಳಲ್ಲಿ ಕಂಡ ಹಿರಿಯರಿಗೆ ವೇಷದ ವಿಷಯದಲ್ಲಿ ಆಶ್ಚರ್ಯವಿರಲಾರದು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಹಿರಿಯರ ಮಾತು. ಆತಿಥ್ಯ ನೀಡಿದ ಆ ಸರಳ ಹೆಂಗಸರ ಧ್ವನಿಯನ್ನೇ ಕದ್ದು ನಗೆಯ ಸರಕು ಮಾಡಿದ್ದು, ಮುಂದೆ ಅದನ್ನು ಪರದೇಶದ ಪೇಟೆಗೆ ಒಯ್ದದ್ದು, ಜಂತೆ ಎಣಿಸುವುದಕ್ಕಿಂತ ಒಂದು ಕೈ ಮೇಲಲ್ಲವೇ? ಹಂಫ್ರೀಸ್ 1959ರಲ್ಲಿ ಲಂಡನ್ನಿಗೆ ಹೋದರು. 1960ರ ದಶಕದ ಮೊದಲಲ್ಲಿ ‘ಎಸ್ಟಾಬ್ಲಿಷ್‌ಮೆಂಟ್’ ಎಂಬ ವಿಡಂಬನಕಾರರ ಕೂಟದಲ್ಲಿ ಎಡ್ನಾಳನ್ನು ಆಡಿ ತೋರಿಸಿದಾಗ ಯಾರೂ ನಗಲಿಲ್ಲ. ಮೂನಿ ಪಾಂಡ್ಸ್ ಎಲ್ಲಿದೆಯೆಂದೇ ತಿಳಿಯದವರು ಅದರ ಗೃಹಿಣಿಯನ್ನು ಕಂಡು ನಗುವುದಾದರೂ ಹೇಗೆ?

ಆದರೆ ಅದೇ ಕೂಟದ ಪೀಟರ್ ಕುಕ್ ಅವರ ಒಡೆತನದಲ್ಲಿದ್ದ ‘ಪ್ರೈವೇಟ್ ಐ’ ಎಂಬ ವಿಡಂಬನ ಪತ್ರಿಕೆಯಲ್ಲಿ 1964ರಿಂದ ಹಂಫ್ರೀಸ್ ಒಂದು ಚಿತ್ರಕಥೆಯ ಮಾಲೆಯನ್ನು ಬರೆಯತೊಡಗಿದರು. ಚಿತ್ರ ಬರೆದವರು ನಿಕೊಲಸ್ ಗಾರ್ಲೆಂಡ್. ನಾಯಕ ಬ್ಯಾರಿ ಮೆಕೆಂಜಿ: ಉದ್ದ ಗದ್ದ, ಅಗಲ ಅಂಚಿನ ಟೋಪಿ, ಕೈಯಲ್ಲಿ ಸದಾ ಬಿಯರಿನ ಡಬ್ಬಿ, ಬಾಯಿ ಬಿಟ್ಟರೆ ಬೀದಿಮಾತು. ಆ ಕಾಲಕ್ಕೆ ಲಂಡನ್ನಿನ ಅರ್ಲ್ಸ್ ಕೋರ್ಟ್ ಕೇರಿಯಲ್ಲಿ ಬಂದಿಳಿದ ಆಸ್ಟ್ರೇಲಿಯಾದ ತರುಣರು ಎಷ್ಟಿದ್ದರೆಂದರೆ ಅದನ್ನು ಕಾಂಗರೂ ಕಣಿವೆ ಎಂದೇ ಕರೆಯುತ್ತಿದ್ದರು. ಮೆಕೆಂಜಿ ಅವರ ಪ್ರತಿನಿಧಿ. ಕುಡಿದದ್ದನ್ನು ಕಕ್ಕುವ ಕ್ರಿಯೆಗೆ ಅವನ ಬಾಯಲ್ಲಿ ಹತ್ತಾರು ಪರ್ಯಾಯ ಪದಗಳು. ಈ ಪುಟದಲ್ಲಿ ‘ಚಂಡರ್’ ಎಂಬ ಒಂದನ್ನು ಹೆಸರಿಸಿದರೆ ಸಾಕು, ಉಳಿದವು ಕುಟುಂಬದವರು ಕೂಡಿ ಓದುವ ಪತ್ರಿಕೆಗೆ ತಕ್ಕವಲ್ಲ. ಇಂಗ್ಲೆಂಡಿನ ವಿದ್ಯಾರ್ಥಿಗಳು ಆ ಶಬ್ದವನ್ನು ಇಂದಿಗೂ ಬಿಟ್ಟಿಲ್ಲ. ತಮಾಷೆಯೆಂದರೆ, ಮೆಕೆಂಜಿಯ ಬಾಯಿಗೆ ಹಂಫ್ರೀಸ್ ಹಾಕಿದ ಮಾತುಗಳಲ್ಲಿ ನಿಜವಾದ ಬೀದಿಮಾತುಗಳ ಜೊತೆಗೆ ಅವರೇ ಹೊಸೆದವೂ ಸೇರಿದ್ದವು. ಲಂಡನ್ನಿನಲ್ಲಿ ಕೂತು ಹೊಸೆದ ಆ ನುಡಿಗಳನ್ನು ಆಸ್ಟ್ರೇಲಿಯಾದ ಜನ ತಮ್ಮವೇ ಎಂದು ಎತ್ತಿಕೊಂಡರು.

ಮೆಕೆಂಜಿಯ ಕಥೆಯಲ್ಲಿ ಯಾರನ್ನು ಕುರಿತು ನಗುವುದು? ಮೊದಲ ನೋಟಕ್ಕೆ ಅವನನ್ನೇ. ಆದರೆ ನಾಲ್ಕು ಪುಟ ತಿರುವಿದರೆ ಬೇರೆಯದೇ ಕಾಣುತ್ತದೆ. ನಾಗರಿಕತೆಯ ತವರಿಗೆ ಬಂದ ಈ ಒರಟನನ್ನು ಅಲ್ಲಿಯ ಮನೆಯೊಡೆಯರು, ಬಾಡಿಗೆ ಕಾರಿನವರು, ಸಭ್ಯ ಮನೆತನದವರು ಎಲ್ಲರೂ ಸುಲಿಯುತ್ತಾರೆ. 1972ರಲ್ಲಿ ಬ್ರೂಸ್ ಬೆರೆಸ್‌ಫರ್ಡ್ ನಿರ್ದೇಶಿಸಿದ ಚಲನಚಿತ್ರದಲ್ಲಿ ವಿಮಾನ ನಿಲ್ದಾಣದಿಂದ ಅರ್ಲ್ಸ್ ಕೋರ್ಟಿಗೆ ಹೊರಟ ಅವನನ್ನು ಕಾರಿನವನು ಸ್ಟೋನ್‌ಹೆಂಜಿನ ಕಲ್ಲುಗಳನ್ನೆಲ್ಲ ಸುತ್ತಿಸಿಕೊಂಡು ಕರೆದೊಯ್ಯುತ್ತಾನೆ. ಒಳಗೆ ಕಪಟವಿಲ್ಲದವನು ಹೊರಗೆ ಹೊಲಸು ಮಾತಿನವನು. ಮಾತು ಮುತ್ತಿನಂತಿರುವವರ ಕೈ ಬೇರೆಯವರ ಜೇಬಿನಲ್ಲಿ. ಮಾತು ಶುದ್ಧವಿದ್ದ ಮಾತ್ರಕ್ಕೆ ನಡೆ ಶುದ್ಧವಿರಬೇಕಾಗಿಲ್ಲವೆಂದು ತಿಳಿಯಲು ನಮಗೆ ಮೆಕೆಂಜಿಯ ಅಗತ್ಯವಿಲ್ಲ, ನಿಜ. ಆದರೆ ಬ್ರಿಟಿಷ್ ಓದುಗನಿಗೆ ಅದನ್ನು ಅವನ ಮನೆಯಂಗಳದಲ್ಲಿಯೇ ನಿಂತು ಹೇಳಿದವನು, ಒಂದು ಕಾಲಕ್ಕೆ ಅವನೇ ಹೊರಹಾಕಿದ ನುಡಿಯವನು.

ತವರಿನಲ್ಲಿ ಇದಕ್ಕೆ ದೊರೆತ ಸತ್ಕಾರವೂ ಸೋಜಿಗದ್ದೇ. 1968ರಲ್ಲಿ ಆ ಮಾಲೆ ಪುಸ್ತಕವಾಗಿ ಬಂದಾಗ ಆಸ್ಟ್ರೇಲಿಯಾ ಅದನ್ನು ಅಸಭ್ಯವೆಂದು ನಿಷೇಧಿಸಿತು. ನಾಲ್ಕೇ ವರ್ಷಗಳಲ್ಲಿ ಅದರ ಚಲನಚಿತ್ರಕ್ಕೆ ಅಲ್ಲಿಯ ಸರ್ಕಾರಿ ಸಂಸ್ಥೆಯೇ ಹಣ ಹೂಡಿತು. 1974ರಲ್ಲಿ ಎರಡನೆಯ ಚಿತ್ರ ಬಂದಾಗ ಪ್ರಧಾನಿ ಗಾಫ್ ವಿಟ್ಲಮ್ ಸ್ವತಃ ತೆರೆಯ ಮೇಲೆ ಬಂದು, ಮೆಕೆಂಜಿಯ ಅತ್ತೆಯಾಗಿದ್ದ ಎಡ್ನಾಳಿಗೆ ‘ಡೇಮ್’ ಬಿರುದು ದಯಪಾಲಿಸಿದರು. ಆಟದ ಬಿರುದು ಅಂದಿನಿಂದ ಅವಳ ಹೆಸರಿಗೆ ಅಂಟಿಕೊಂಡಿತು. ನಾಚಿಕೆಯ ವಸ್ತುವು ಲಾಂಛನವಾಗಲು ಆರು ವರ್ಷ!

1976ರಲ್ಲಿ ಎಡ್ನಾ ಲಂಡನ್ನಿನ ರಂಗಮಂದಿರವನ್ನು ಕೊನೆಗೂ ಗೆದ್ದಳು. 1987ರಿಂದ ಅವಳ ದೂರದರ್ಶನ ಕಾರ್ಯಕ್ರಮಕ್ಕೆ ಹೆಸರಾಂತ ನಟನಟಿಯರು ಬಂದು ಅವಳಿಂದ ಹೀಯಾಳಿಸಿಕೊಂಡು ಹೋಗುವುದನ್ನೇ ಗೌರವವೆಂದು ಬಗೆದರು. 2013ರ ರಾಜಮನೆತನದ ವಾರ್ಷಿಕ ಮನರಂಜನಾ ಸಮಾರಂಭದಲ್ಲಿ ಎಡ್ನಾ ಹೋಗಿ ಯುವರಾಜ ಚಾರ್ಲ್ಸರ ಪಕ್ಕದಲ್ಲೇ ಕುಳಿತಳು. ಯಾರೋ ಒಂದು ಚೀಟಿ ತಂದುಕೊಟ್ಟರು. ಓದಿ ನೋಡಿ, ತನಗೆ ಇದಕ್ಕಿಂತ ಒಳ್ಳೆಯ ಆಸನ ದೊರೆತಿದೆಯೆಂದು ತಿಳಿಸಿ ಎದ್ದು ನಡೆದಳು. ಯುವರಾಜರು ನಕ್ಕ ನಗೆಯನ್ನು ಇಡೀ ದೇಶ ನೋಡಿತು. ಉಂಡ ಮನೆಯ ಜಂತೆ ಎಣಿಸಿದ ಹುಡುಗ ಅರಮನೆಯ ಜಂತೆಗಳನ್ನೂ ಎಣಿಸದೆ ಬಿಡಲಿಲ್ಲವೆಂಬಷ್ಟು ಮಟ್ಟಿಗೆ ನಾವು ಮೇಲಿನ ಆಕ್ಷೇಪಣೆಯನ್ನು ಸಡಿಲಿಸಬಹುದು. ಪೂರ್ತಿ ಹಿಂತೆಗೆದುಕೊಳ್ಳುವ ಮನಸ್ಸಿಲ್ಲ.

ಹಂಫ್ರೀಸ್ ಒಬ್ಬರೇ ಅಲ್ಲ. ಕ್ಲೈವ್ ಜೇಮ್ಸ್ 1972ರಿಂದ 1982ರವರೆಗೆ ‘ಅಬ್ಸರ್ವರ್’ ಪತ್ರಿಕೆಯಲ್ಲಿ ದೂರದರ್ಶನದ ವಿಮರ್ಶೆ ಬರೆದು, ಆ ಬಗೆಯ ಬರಹವನ್ನೇ ಹಾಸ್ಯಸಾಹಿತ್ಯದ ಮಟ್ಟಕ್ಕೆ ಏರಿಸಿದರು. ಬಹುಪಾಂಡಿತ್ಯದ ಆ ಮನುಷ್ಯ ಪಾಂಡಿತ್ಯವನ್ನು ಎಂದೂ ಹೊರೆಯಾಗಿ ಹೊರಿಸಲಿಲ್ಲ.

ಪಾಲ್ ಹೋಗನ್ ಎಂಬವರ ವಿಷಯ ಬೇರೆ. ಸಿಡ್ನಿಯ ಸೇತುವೆಗೆ ಬಣ್ಣ ಬಳಿಯುವ ಕೆಲಸದಿಂದ ನಗೆಗಾರಿಕೆಗೆ ಬಂದವರು. 1986ರ ‘ಕ್ರೊಕೊಡೈಲ್ ಡಂಡೀ’ ಚಿತ್ರದಿಂದ ಲೋಕಪ್ರಸಿದ್ಧರಾದರು. ಅದಕ್ಕೆ ಮೊದಲೇ, 1981ರಿಂದ, ಬ್ರಿಟನ್ನಿನ ದೂರದರ್ಶನದಲ್ಲಿ ಅವರು ಫಾಸ್ಟರ್ಸ್ ಎಂಬ ಬಿಯರಿನ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿದ್ದರು. ಲಂಡನ್ನಿನ ಸೊಗಸುಗಾರರ ನಡುವೆ ಪೆಚ್ಚಾಗದೆ ನಿಂತ ಹಳ್ಳಿಗನ ಮುಗ್ಧ ನಗೆ, ಹಿಂದೆಯೇ ಸೀಸೆ. ಆಸ್ಟ್ರೇಲಿಯಾದ ಹೆಸರು ಹೊತ್ತ ಆ ಪಾನೀಯ ತಯಾರಾಗುತ್ತಿದ್ದದ್ದು ಬ್ರಿಟನ್ನಿನಲ್ಲಿಯೇ. ಅಂದರೆ ಆಮದಾದದ್ದು ಮದ್ಯವಲ್ಲ, ನಗು. ಬಡವನ ನುಡಿಯ ಸರಳತೆಯನ್ನು ಹೆಂಡದ ಪೀಪಾಯಿಗೆ ಹೀಗೆ ಚೀಟಿಯಾಗಿ ಅಂಟಿಸಿದ್ದನ್ನು ನಾವು ಒಪ್ಪುವುದಿಲ್ಲ. ಅದರ ಹಾಸ್ಯ ಎಷ್ಟೇ ಒಳ್ಳೆಯದಿರಲಿ.

ಆದರೆ ಮಾತು ಮನೆಮನೆಗೆ ಹೊಕ್ಕದ್ದು ಹಾಸ್ಯಗಾರರಿಗಿಂತ ಹೆಚ್ಚಾಗಿ ಒಂದು ಧಾರಾವಾಹಿಯಿಂದ. ‘ನೇಬರ್ಸ್’, ಅಂದರೆ ನೆರೆಹೊರೆ. ಅದನ್ನು ರೂಪಿಸಿದ ರೆಗ್ ವಾಟ್ಸನ್ ಬ್ರಿಸ್ಬೇನಿನವರು. ಬ್ರಿಟನ್ನಿನಲ್ಲಿ ವರ್ಷಗಟ್ಟಲೆ ಇದ್ದು ‘ಕ್ರಾಸ್‌ರೋಡ್ಸ್’ ಎಂಬ ಧಾರಾವಾಹಿಯನ್ನು ನಿರ್ಮಿಸಿ, ಆ ಕಸುಬನ್ನು ಹೊತ್ತು ತವರಿಗೆ ಮರಳಿದವರು. 1985ರಲ್ಲಿ ಆರಂಭವಾದ ‘ನೇಬರ್ಸ್’ ಅನ್ನು ಮೊದಲ ವಾಹಿನಿ ಅದೇ ವರ್ಷ ಕೈಬಿಟ್ಟಿತು. ಮತ್ತೊಂದು ವಾಹಿನಿ ಎತ್ತಿಕೊಂಡಿತು. 1986ರ ಅಕ್ಟೋಬರ್ 27ರಿಂದ ಬಿ.ಬಿ.ಸಿ. ಅದನ್ನು ಮಧ್ಯಾಹ್ನದ ಹೊತ್ತು ತೋರಿಸತೊಡಗಿತು. 1988ರಲ್ಲಿ ಶಾಲೆ ಬಿಟ್ಟು ಮಕ್ಕಳು ಮನೆ ಸೇರುವ ಸಂಜೆಯ ಹೊತ್ತಿಗೂ ಮರುಪ್ರಸಾರ ಮಾಡತೊಡಗಿದರು. ಅಷ್ಟೇ ಸಾಕಾಯಿತು. ಆ ವರ್ಷ ನವೆಂಬರ್ 8ರಂದು ಸ್ಕಾಟ್ ಮತ್ತು ಚಾರ್ಲೀನ್ ಎಂಬ ಪಾತ್ರಗಳ ಮದುವೆಯನ್ನು ಬ್ರಿಟನ್ನಿನಲ್ಲಿ ಸುಮಾರು 1 ಕೋಟಿ 96 ಲಕ್ಷ ಜನ ನೋಡಿದರು. ಆಸ್ಟ್ರೇಲಿಯಾದ ಒಟ್ಟು ಜನಸಂಖ್ಯೆಯೇ ಆಗ 1 ಕೋಟಿ 65 ಲಕ್ಷದ ಸುಮಾರು.

ಅದರಲ್ಲಿ ರಾಜಕುಮಾರರಿಲ್ಲ. ಒಂದು ಬೀದಿ, ಬಿಸಿಲು, ತೆರೆದ ಹಿತ್ತಿಲು, ಒಬ್ಬರ ಮನೆಗೆ ಒಬ್ಬರು ಬಾಗಿಲು ತಟ್ಟದೆ ನುಗ್ಗುವ ಸಲಿಗೆ. ಮಳೆಯ ದೇಶದ ಮಕ್ಕಳಿಗೆ ಅದು ಸ್ವರ್ಗದಂತೆ ಕಂಡಿರಬೇಕು. ಅವರ ಬಾಯಿಗೆ ‘ನೋ ವರೀಸ್’ ಎಂಬ ನುಡಿ ಬಂತು. ಚಿಂತೆಯಿಲ್ಲ ಎಂಬರ್ಥದ ಆ ಎರಡು ಪದಗಳನ್ನು ಈಗ ಲಂಡನ್ನಿನ ಅಂಗಡಿಯವನು ಗಿರಾಕಿಯ ಕೃತಜ್ಞತೆಗೆ ಉತ್ತರವಾಗಿ ಹೇಳುತ್ತಾನೆ. ವಿಶ್ವವಿದ್ಯಾಲಯವನ್ನು ‘ಯೂನಿ’ ಎಂದು ಮೊಟಕು ಮಾಡುವ ರೂಢಿಯೂ ಆ ಕಾಲದಲ್ಲೇ ಬ್ರಿಟನ್ನಿನಲ್ಲಿ ಹಬ್ಬಿತು. ಹೇಳಿಕೆಯ ವಾಕ್ಯದ ಕೊನೆಯಲ್ಲಿ ಪ್ರಶ್ನೆ ಕೇಳಿದಂತೆ ಧ್ವನಿ ಏರಿಸುವ ಹೊಸ ಚಾಳಿಗೆ ಪತ್ರಿಕೆಗಳೂ ತಂದೆತಾಯಿಗಳೂ ‘ನೇಬರ್ಸ್’ ಅನ್ನೇ ಹೊಣೆ ಮಾಡಿದರು. ಭಾಷಾವಿಜ್ಞಾನಿಗಳಿಗೆ ಅಷ್ಟು ನಂಬಿಕೆಯಿಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲೂ ನ್ಯೂಜಿಲೆಂಡಿನಲ್ಲೂ ಆ ಏರುದನಿ ಇತ್ತು; ಪೆಟ್ಟಿಗೆಯಿಂದ ಮಕ್ಕಳು ಪದಗಳನ್ನು ಕಲಿಯುವರು, ಧ್ವನಿಯ ಏರಿಳಿತವನ್ನು ಮಾತ್ರ ಒಡನಾಡುವವರಿಂದಲೇ ಕಲಿಯುವರೆಂಬುದು ಹಲವು ಪಂಡಿತರ ವಾದ. ಮನೆಯಲ್ಲಿ ಮಕ್ಕಳೊಡನೆ ಮಾತನಾಡುವುದನ್ನು ಬಿಟ್ಟು ಪೆಟ್ಟಿಗೆಯನ್ನು ದೂರುವ ಹಿರಿಯರು ಇದನ್ನು ಗಮನಿಸಬಹುದು.

ಪದಗಳನ್ನು ಮೊಟಕು ಮಾಡಿ ಕೊನೆಗೊಂದು ‘ಈ’ಕಾರ ಸೇರಿಸುವುದು ಆಸ್ಟ್ರೇಲಿಯಾದವರ ಅಚ್ಚುಮೆಚ್ಚಿನ ರೂಢಿ. ನಮ್ಮಲ್ಲಿ ಬಸವರಾಜ ಬಸ್ಯಾ ಆಗುವಂತೆ, ಮಲ್ಲಿಕಾರ್ಜುನ ಮಲ್ಲು ಆಗುವಂತೆ ಅಲ್ಲಿ ವಸ್ತುಗಳೆಲ್ಲ ಮುದ್ದಿನ ಹೆಸರು ಪಡೆಯುತ್ತವೆ. ಬಾರ್ಬೆಕ್ಯೂ ‘ಬಾರ್ಬಿ’ಯಾಗುವುದು. 2002ರಲ್ಲಿ ಅಲ್ಲಿಯವನೊಬ್ಬ ಕುಡಿದು ಎಡವಿ ತುಟಿ ಒಡೆದುಕೊಂಡು, ಅದರ ಪಟವನ್ನು ತಾನೇ ತೆಗೆದುಕೊಂಡು ಅಂತರ್ಜಾಲಕ್ಕೆ ಹಾಕಿ ‘ಸೆಲ್ಫಿ’ ಎಂದ. ಆ ಪದದ ದೊರೆತಿರುವ ಮೊದಲ ಬಳಕೆ ಅದೇ. 2013ರಲ್ಲಿ ಆಕ್ಸ್‌ಫರ್ಡಿನ ನಿಘಂಟುಕಾರರು ಅದನ್ನು ವರ್ಷದ ಪದವೆಂದು ಸಾರಿದರು. ಇಂದು ನಮ್ಮ ಜಾತ್ರೆಯ ತೇರಿನ ಮುಂದೆ ಆ ಪದವನ್ನಾಡದ ಹುಡುಗರಿಲ್ಲ.

ಇಷ್ಟೆಲ್ಲ ನಗುವಿನ ಲೆಕ್ಕದಲ್ಲಿ ಕತ್ತಲೆಯ ಪುಟವೂ ಒಂದಿದೆ. ಪರ್ತ್ ನಗರದ ರಾಲ್ಫ್ ಹ್ಯಾರಿಸ್ 1950ರ ದಶಕದಿಂದ ಬ್ರಿಟಿಷ್ ಮಕ್ಕಳಿಗೆ ಹಾಡು, ಚಿತ್ರ, ವಿನೋದಗಳ ಮಾಮನಾಗಿದ್ದವನು. 2005ರಲ್ಲಿ ರಾಣಿಯ ಭಾವಚಿತ್ರ ಬರೆಯುವ ಭಾಗ್ಯವೂ ಒದಗಿತು. 2014ರಲ್ಲಿ, ಹುಡುಗಿಯರ ಮೇಲೆ ನಡೆಸಿದ ಲೈಂಗಿಕ ಅಪರಾಧಗಳಿಗಾಗಿ ನ್ಯಾಯಾಲಯ ಅವನನ್ನು ಸೆರೆಮನೆಗೆ ಕಳುಹಿಸಿತು. ನಗಿಸುವವನೆಂಬ ಒಂದೇ ಕಾರಣಕ್ಕೆ ಯಾರನ್ನೂ ಮಕ್ಕಳ ಬಳಿ ಬಿಡಬಾರದು.

ಹಂಫ್ರೀಸರ ಕೊನೆಗಾಲದ ಕೆಲವು ಮಾತುಗಳೂ ಲಿಂಗಪರಿವರ್ತಿತರನ್ನು ನೋಯಿಸಿದವು. ಅವರ ಹೆಸರಿನಲ್ಲಿದ್ದ ಮೆಲ್ಬರ್ನ್ ಹಾಸ್ಯೋತ್ಸವದ ಪ್ರಶಸ್ತಿಯಿಂದ 2019ರಲ್ಲಿ ಆ ಹೆಸರನ್ನು ತೆಗೆದರು. ಅದೇ ಪ್ರಶಸ್ತಿಯನ್ನು 2017ರಲ್ಲಿ ಪಡೆದವರು ಟಾಸ್ಮೇನಿಯಾದ ಹ್ಯಾನಾ ಗ್ಯಾಡ್ಸ್‌ಬಿ. ‘ನ್ಯಾನೆಟ್’ ಎಂಬ ಅವರ ಪ್ರಯೋಗಕ್ಕೆ ಆ ವರ್ಷವೇ ಎಡಿನ್‌ಬರೋದ ಹಾಸ್ಯ ಪ್ರಶಸ್ತಿಯೂ, ಇನ್ನೊಬ್ಬರೊಡನೆ ಜಂಟಿಯಾಗಿ, ಸಂದಿತು. ಅದರಲ್ಲಿ ಅವರು ನುಡಿದದ್ದರ ಸಾರ ಇಷ್ಟು: ಅಂಚಿಗೆ ತಳ್ಳಲ್ಪಟ್ಟವನು ತನ್ನನ್ನೇ ಹಂಗಿಸಿಕೊಂಡು ನಗಿಸಿದರೆ ಅದು ವಿನಯವಲ್ಲ, ಮಾತನಾಡಲು ಅಪ್ಪಣೆ ಪಡೆಯುವುದಕ್ಕಾಗಿ ತೆತ್ತ ಅವಮಾನ, ಇನ್ನು ಮುಂದೆ ಆ ಕಪ್ಪವನ್ನು ತಾವು ಕಟ್ಟುವುದಿಲ್ಲ. ಬಸ್ಸಿನಲ್ಲಿ ಹುಟ್ಟಿದ ಎಡ್ನಾಳ ನಗೆಗೆ ಅರವತ್ತೆರಡು ವರ್ಷಗಳ ಮೇಲೆ ಅದೇ ದೇಶದಿಂದ ಬಂದ ಉತ್ತರವಿದು. ಲಂಡನ್ನಿನಲ್ಲಿ ಕುಳಿತು ತವರನ್ನು ನಕ್ಕವರು ತಮ್ಮ ಜನರ ಕುಗ್ಗನ್ನು ಕಳೆದರೋ, ಅಥವಾ ಅದನ್ನೇ ಒಳ್ಳೆಯ ಬೆಲೆಗೆ ಮಾರಿದರೋ? ಎರಡೂ ನಡೆಯಿತೆಂದು ನಮಗೆ ತೋರುತ್ತದೆ. ಮೆಕೆಂಜಿಯಲ್ಲಿ ಮೊದಲನೆಯದು ಹೆಚ್ಚು, ಬಿಯರಿನ ಜಾಹೀರಾತಿನಲ್ಲಿ ಎರಡನೆಯದು.

ಈಗ ಬ್ರಿಟನ್ನಿನ ಹಸುಳೆಗಳು ನೋಡುವ ‘ಬ್ಲೂಯಿ’ ಎಂಬ ಚಿತ್ರಮಾಲಿಕೆ ಬ್ರಿಸ್ಬೇನಿನದು. 2018ರಲ್ಲಿ ಆರಂಭವಾಯಿತು, ಏಳು ನಿಮಿಷದ ಒಂದೊಂದು ಕಥೆ. ನಾಯಿಗಳ ಒಂದು ಸಂಸಾರ: ತಂದೆ, ತಾಯಿ, ಇಬ್ಬರು ಹೆಣ್ಣುಮಕ್ಕಳು. ಅದರಲ್ಲಿ ಯಾರನ್ನೂ ಕುರಿತು ಯಾರೂ ನಗುವುದಿಲ್ಲ. ಕೂಡಿ ಆಡುತ್ತಾರೆ, ಕೂಡಿ ನಗುತ್ತಾರೆ. ಇಂಗ್ಲೆಂಡಿನ ಮಕ್ಕಳು ಅದನ್ನು ನೋಡಿ ಬೆಳಗಿನ ಉಪಾಹಾರಕ್ಕೆ ‘ಬ್ರೆಕಿ’ ಎನ್ನುವರು, ಶೌಚಾಲಯಕ್ಕೆ ‘ಡನಿ’ ಎನ್ನುವರು. ಇದರ ನಿರ್ಮಾಣಕ್ಕೆ ಆಸ್ಟ್ರೇಲಿಯಾದ ಪ್ರಸಾರ ಸಂಸ್ಥೆಯೊಡನೆ ಹಣ ಕೂಡಿಸಿದ್ದು ಬಿ.ಬಿ.ಸಿ.ಯ ಅಂಗಸಂಸ್ಥೆ. ತನ್ನ ಉಚ್ಚಾರವನ್ನು ಆಸ್ಟ್ರೇಲಿಯಾಕ್ಕೆ ಮಾದರಿಯಾಗಿ ಕೊಟ್ಟಿದ್ದ ಬಿ.ಬಿ.ಸಿ., 2021ರಿಂದ ತನ್ನ ಮಕ್ಕಳ ವಾಹಿನಿಯಲ್ಲಿ ಆ ನಾಯಿಮರಿಗಳ ಬ್ರಿಸ್ಬೇನ್ ಮಾತನ್ನು ಒಂದಕ್ಷರವನ್ನೂ ತಿದ್ದದೆ ಬಿತ್ತರಿಸುತ್ತ ಬಂದಿದೆ.